ಸನ್ಮಾನವೂ ದಾನವೂ

ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನೇರಿ ಹುಂಡಿಗೆ ಕಾಣಿಕೆ ಹಾಕಿದವನ ಹೆಸರನ್ನು ಯಾರೂ ಕೇಳುವುದಿಲ್ಲ. ಮಂಜು ದಟ್ಟವಾದ ದಿನ ಪಕ್ಕದವನಿಗೆ ಅವನ ಮುಖವೂ ಸರಿಯಾಗಿ ಕಾಣದು. ಇದಕ್ಕೆ ತೀರ ಎದುರಾದ ದಾನಪದ್ಧತಿಯೊಂದು ಈ ಕಾಲದಲ್ಲಿ ದೊಡ್ಡ ಪಟ್ಟಣಗಳಲ್ಲಿ ಬೆಳೆದಿದೆ. ವರ್ತಕರನ್ನು ಸಭೆಗೆ ಕರೆದು, ಔತಣದ ಮೇಜುಗಳಿಗೆ ಬೆಲೆ ಕಟ್ಟಿ, ಶ್ರೇಷ್ಠ ಉದ್ಯಮಿಗಳಿಗೆ ಪ್ರಶಸ್ತಿಯಿತ್ತು, ಕೂಡಿದ ಹಣವನ್ನು ತರುಣರಿಗೆ ಹಣಕಾಸಿನ ತಿಳಿವಳಿಕೆ ಕೊಡಿಸುವುದಕ್ಕೆ ವಿನಿಯೋಗಿಸುತ್ತಾರೆ. ಕೀರ್ತಿಯನ್ನು ಪಡೆದು ಕೊಟ್ಟದ್ದು ದಾನವೆನಿಸೀತೇ ಎಂಬುದು ವಿಚಾರಣೀಯವಾಗಿದೆ.

ಭಗವದ್ಗೀತೆಯ 17ನೆಯ ಅಧ್ಯಾಯವನ್ನು ಓದಿದವರು ಒಡನೆಯೇ ತೀರ್ಪು ಹೇಳುವರು: ಪ್ರತ್ಯುಪಕಾರವನ್ನು ಬಯಸಿ ಕೊಟ್ಟದ್ದು ರಾಜಸ. ತೀರ್ಪು ಸರಿಯೇ, ಆದರೆ ವಿಚಾರವು ಅಷ್ಟಕ್ಕೆ ಮುಗಿಯದು. ನಮ್ಮ ನಾಡಿನ ದಾನಶಾಸನಗಳಲ್ಲಿ ದಾನಿಯ ಹೆಸರು, ಬಿರುದು, ಭೂಮಿಯ ಎಲ್ಲೆ ಇವೆಲ್ಲವನ್ನೂ ಕಲ್ಲಿನಲ್ಲಿ ಕೊರೆಸಿದ್ದಾರಷ್ಟೆ. ಅದು ಬರಿಯ ಕೀರ್ತಿಗಾಗಿಯೇ? ಕೊಟ್ಟುದನ್ನು ಮುಂದಿನವರು ಕಸಿಯಬಾರದೆಂಬ ಕಟ್ಟೂ ಅದೇ ಕಲ್ಲಿನಲ್ಲಿರುವುದು. ಅಲ್ಲಿ ಹೆಸರು ಹೊಣೆಯ ಗುರುತು. 1916ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಸ್ಥಾಪಿಸಿದ ವಾಣಿಜ್ಯಸಂಸ್ಥೆಯು ಇಂದೂ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ಕೊಡುತ್ತದೆ. ಯೋಗ್ಯನನ್ನು ಗೌರವಿಸುವುದರಲ್ಲಿ ದೋಷವಿಲ್ಲ. ಎಲ್ಲಿಯೇ ಆಗಲಿ, ಮೇಜಿಗೆ ಹೆಚ್ಚು ತೆತ್ತವನೇ ಯೋಗ್ಯನಾಗಿ ಕಾಣತೊಡಗಿದಾಗ ಮಾತ್ರ ಸನ್ಮಾನವು ಸರಕಾಗುವುದು. ಇನ್ನು, 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದಲ್ಲಿ ನೂರಕ್ಕೆ ಎರಡನ್ನು ಲೋಕಹಿತಕ್ಕೆ ವೆಚ್ಚಮಾಡತಕ್ಕದ್ದು. ಕಟ್ಟಳೆಯಂತೆ ಕೊಟ್ಟುದಕ್ಕೂ ಹಾರತುರಾಯಿಗಳನ್ನು ಬಯಸುವುದು ತುಸು ಹೆಚ್ಚೇ ಸರಿ.

ಆದರೆ ಪಡೆಯುವವನ ಕಡೆಯಿಂದ ನೋಡಿದರೆ ಪ್ರಶ್ನೆಯೇ ಬೇರೆಯಾಗುತ್ತದೆ. ಬೆಟ್ಟದಿಂದಿಳಿದರೆ ಚಾಮರಾಜನಗರ ಜಿಲ್ಲೆಯ ಹಳ್ಳಿಗಳು. ಸಾಲವಸೂಲಿಯ ಕಿರುಕುಳವನ್ನು ತಾಳಲಾರದೆ ಈ ಜಿಲ್ಲೆಯ ಕೆಲವು ಕುಟುಂಬಗಳು ಊರನ್ನೇ ಬಿಟ್ಟುಹೋದ ವಾರ್ತೆಯು 2025ರ ಜನವರಿಯಲ್ಲಿ ಬಂದಿತು. ಫೆಬ್ರವರಿಯಲ್ಲಿ ಬಲಾತ್ಕಾರದ ವಸೂಲಿಯನ್ನು ತಡೆಯಲು ರಾಜ್ಯದಲ್ಲಿ ಸುಗ್ರೀವಾಜ್ಞೆಯು ಹೊರಟಿತು. ಅಂಥ ಮನೆಯ ಹುಡುಗನು ಕಲಿಯಬೇಕಾದ ಲೆಕ್ಕವೇನು? ತಿಂಗಳಿಗೆ ನೂರಕ್ಕೆ ಮೂರು ಎಂಬುದು ವರ್ಷಕ್ಕೆ 36 ಆಗುವುದು. ತಿಂಗಳು ತಿಂಗಳೂ ಬಡ್ಡಿಗೆ ಬಡ್ಡಿ ಸೇರಿದರೆ 10,000 ರೂಪಾಯಿ ವರ್ಷ ತುಂಬುವಾಗ ಸುಮಾರು 14,258 ಆಗುವುದು. ಮೊದಲ ತಿಂಗಳ ಬಡ್ಡಿಯನ್ನು ಮುರಿದುಕೊಂಡು 9,700ನ್ನು ಮಾತ್ರ ಕೈಗಿತ್ತರೂ ಪತ್ರದಲ್ಲಿ 10,000 ಎಂದೇ ಇರುವುದು. ಲೆಕ್ಕವೇನೋ ಹಳೆಯದು, ಭಾಸ್ಕರಾಚಾರ್ಯರ ಲೀಲಾವತಿಯಲ್ಲಿಯೇ ತಿಂಗಳಿಗೆ ನೂರಕ್ಕೆ ಐದರ ಬಡ್ಡಿಯ ಪ್ರಶ್ನೆಗಳಿವೆ. ಲೆಕ್ಕಕ್ಕಿಂತಲೂ ಕಠಿಣವಾದ ಪಾಠವೆಂದರೆ ‘ಈ ಸಾಲ ನಮಗೆ ಬೇಡ’ ಎನ್ನುವುದು. ಸಾಲ ಕೊಡುವವನೇ ಪಾಠದ ವೆಚ್ಚವನ್ನು ಹೊತ್ತಾಗ ಉಪಾಧ್ಯಾಯನು ಇದನ್ನು ಬಾಯಿಬಿಟ್ಟು ಹೇಳಬಲ್ಲನೇ? ದಾನಿಯ ಅಂತರಂಗದ ಶುದ್ಧಿಯನ್ನು ಹುಡುಗನು ಅರಿಯಲಾರ. ಅರಿಯಬೇಕಾದ ಅಗತ್ಯವೂ ಅವನಿಗಿಲ್ಲ. ತನ್ನ ವ್ಯಾಪಾರಕ್ಕೆ ಕುಂದಾದರೂ ನಿಜವನ್ನೇ ಕಲಿಸಲೆಂದು ಬಿಟ್ಟುಕೊಟ್ಟ ಹಣವು, ಹಾರದೊಡನೆ ಬಂದರೂ, ದಾನವೇ.

ಗುಂಡ್ಲುಪೇಟೆಯ ಚೆಂಡುಹೂವಿನ ಹೊಲಕ್ಕೆ ಬೀಜಗೊಬ್ಬರದ ಹಣ ಬೇಕಾಗುವುದು ಬಿತ್ತನೆಗೆ ಮುಂಚೆ. ಸಾಲಪತ್ರಕ್ಕೆ ರುಜು ಬೀಳುವುದೂ ಆಗಲೇ. ಪ್ರಶಸ್ತಿಸಭೆಯ ತಾರೀಖನ್ನು ಗೊತ್ತುಮಾಡುವವರು ಈ ಹಂಗಾಮನ್ನೂ ಒಮ್ಮೆ ವಿಚಾರಿಸಿಕೊಂಡರೆ ಲೇಸು.