ಹಲಗೆಯ ಕೆಳಗಿನ ಅಯಸ್ಕಾಂತ

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ರಿಂಗ್ ಎಸೆದು ಸೋಪು ಗೆದ್ದವರಿಗೆ ಈ ಪ್ರಶ್ನೆ ಹೊಸದಲ್ಲ: ಗೆಲ್ಲಿಸಿದ್ದು ಕೈಚಳಕವೋ, ಅದೃಷ್ಟವೋ?

ಗಾಜಿನ ಕೆಳಗೆ ಓಡುವ ಉಕ್ಕಿನ ಚೆಂಡನ್ನು ಗುಂಡಿ ಒತ್ತಿ ಹೊಡೆಯುವ ಪಿನ್‌ಬಾಲ್ ಆಟವನ್ನು ನ್ಯೂಯಾರ್ಕ್ ನಗರ 1942ರಲ್ಲಿ ಜೂಜು ಅಂತ ನಿಷೇಧಿಸಿತ್ತು. 1976ರಲ್ಲಿ ರೋಜರ್ ಶಾರ್ಪ್ ಎಂಬುವರು ಚೆಂಡು ಎಲ್ಲಿಗೆ ಹೋಗುತ್ತೆ ಅಂತ ಮೊದಲೇ ಹೇಳಿ ಹೊಡೆದು ತೋರಿಸಿದರು. ನಿಷೇಧ ಹೋಯಿತು. ಆ ಹೊಡೆತದಲ್ಲಿ ಅದೃಷ್ಟವೂ ಇತ್ತು ಅಂತ ಆಮೇಲೆ ಅವರೇ ಒಪ್ಪಿಕೊಂಡರು.

'ದಿ ಆಡಮ್ಸ್ ಫ್ಯಾಮಿಲಿ' ಸಿನಿಮಾದ ಹೆಸರಲ್ಲಿ 1992ರಲ್ಲಿ ಬಂದ ಪಿನ್‌ಬಾಲ್ ಯಂತ್ರ 20,000ಕ್ಕೂ ಹೆಚ್ಚು ಮಾರಾಟವಾಯಿತು. ಅದರ ಹಲಗೆಯ ಕೆಳಗೆ ಅಯಸ್ಕಾಂತಗಳಿವೆ. ಆಟದ ಕೆಲವು ಹೊತ್ತಲ್ಲಿ ಅವು ಚಾಲೂ ಆಗಿ, ಗುರಿಯಿಟ್ಟು ಹೊಡೆದ ಚೆಂಡನ್ನೂ ಎತ್ತಲೋ ಎಳೆದುಬಿಡುತ್ತವೆ.

ನನಗೆ ಟಿ. ನರಸೀಪುರದ ಗೆಳೆಯ ನೆನಪಾಗುತ್ತಾನೆ. ಪಿಯುಸಿ ಗಣಿತದಲ್ಲಿ ನನಗಿಂತ ಮುಂದಿದ್ದ. ಅವರಪ್ಪ ಹಾಸಿಗೆ ಹಿಡಿದ ವರ್ಷ ನಾನು ಬಿಇ ಸೇರಿದೆ, ಅವನು ಗದ್ದೆಗಿಳಿದ. "ನೀನು ಕಷ್ಟಪಟ್ಟೆ ಕಣೋ, ಇಲ್ಲ ಅನ್ನಲ್ಲ. ನಾನೇನು ಸುಮ್ನೆ ಕೂತಿದ್ನಾ?" ಅಂದ ಒಮ್ಮೆ, ನಗುತ್ತಲೇ.

ಆಫೀಸಿನಲ್ಲಿ ನಾವು 'ಎಲ್ಲಾ ಮೆರಿಟ್' ಅಂತೀವಿ. ಗುಂಡಿ ಒತ್ತುವ ಬೆರಳು ನಮ್ಮದೇ, ನಿಜ. ಎಲ್ಲಾ ಹಣೆಬರಹ ಅಂದರೆ ನಿದ್ದೆಗೆಟ್ಟು ಓದಿದ ರಾತ್ರಿಗಳಿಗೆ ಬೆಲೆಯಿಲ್ಲ. ಎಲ್ಲಾ ನನ್ನ ಸಾಮರ್ಥ್ಯ ಅಂದರೆ, ಅವನಿಗೆ ಸಾಮರ್ಥ್ಯವೇ ಇರಲಿಲ್ಲ ಅಂತ ಸುಳ್ಳು ಸಾಕ್ಷಿ ಹೇಳಿದ ಹಾಗೆ.

ಸಂಬಳದ ಬಗ್ಗೆ ಹೆಮ್ಮೆ ಇರಲಿ. ಆದರೆ ಹಲಗೆಯ ಕೆಳಗೆ ಏನಿದೆ ಅಂತ ಗೊತ್ತಿರುವವನು, ಚೆಂಡು ಕೈತಪ್ಪಿದವನನ್ನು ದಡ್ಡ ಅನ್ನಬಾರದು. ಗೆಳೆಯನ ಮಗಳ ಶಾಲೆ ಫೀಸಿನಲ್ಲಿ ನನ್ನ ಪಾಲೂ ಇದೆ. ಅದನ್ನು ದಾನ ಅನ್ನಲಾರೆ. ಬಾಕಿ ಅಂತೀನಿ.