ನೀರು ತಲುಪಿತೇ?



ಈ ಸಲದ ಚಿಂತನೆಗೆ ನಾವು ಆರಿಸಿಕೊಂಡ ಕಥೆ ಎಲ್ಲರಿಗೂ ಗೊತ್ತಿರುವ ಶ್ರವಣಕುಮಾರನದು. ಬಾಲವಿಹಾರದ ಮಕ್ಕಳಿಗೆ ಈ ಕಥೆ ಹೇಳಿ ಚಿತ್ರ ಬರೆಯಿರಿ ಎಂದರೆ ಎಲ್ಲರೂ ಬರೆಯುವುದು ಒಂದೇ. ಹೆಗಲ ಮೇಲೆ ಕಾವಡಿ, ಒಂದು ಬುಟ್ಟಿಯಲ್ಲಿ ತಾಯಿ, ಇನ್ನೊಂದರಲ್ಲಿ ತಂದೆ. ಈ ಚಳಿಗಾಲದಲ್ಲಿ ಆ ಚಿತ್ರವನ್ನು ಕಂಡರೆ ನಾವಿಬ್ಬರೂ ಕಣ್ಣು ತಪ್ಪಿಸುವಂತಾಗಿತ್ತು.

ಜನವರಿಯಲ್ಲಿ ಅಮ್ಮನಿಗೆ ಸ್ಟ್ರೋಕ್ ಆಗಿ ಬಲಭಾಗದ ಸ್ವಾಧೀನ ತಪ್ಪಿತು, ಮಾತು ತೊದಲಿತು. ಆಸ್ಪತ್ರೆಯಲ್ಲಿ ಏಳನೆಯ ದಿನ ಕೇಸ್ ಮ್ಯಾನೇಜರ್ ಬಂದು ನರ್ಸಿಂಗ್ ಹೋಂಗಳ ಪಟ್ಟಿಯೊಂದನ್ನು ಕೈಗಿತ್ತು, ನಾಳೆ ಮಧ್ಯಾಹ್ನದೊಳಗೆ ಎರಡು ಹೆಸರು ಹೇಳಿ ಎಂದರು. ಮನೆಗೇ ಕರೆದುಕೊಂಡು ಹೋಗುತ್ತೇವೆ ಎಂದೆವು. ಅವರು ಸಮಾಧಾನದಿಂದಲೇ ಕೇಳಿದರು: ಹಾಸಿಗೆಯಿಂದ ಕುರ್ಚಿಗೆ ಕೂರಿಸಲು ಇಬ್ಬರು ಬೇಕು, ರಾತ್ರಿಯೆಲ್ಲ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಹಗಲು ನಿಮ್ಮ ಮನೆಯಲ್ಲಿ ಯಾರಿರುತ್ತಾರೆ? ಮಕ್ಕಳು ಸ್ಕೂಲಿಗೆ, ನಾವಿಬ್ಬರೂ ಆಫೀಸಿಗೆ. ಉತ್ತರ ಹೇಳಲಾಗಲಿಲ್ಲ.

ಮೈಸೂರಿಗೆ ಫೋನ್ ಮಾಡಿದಾಗ ದೊಡ್ಡಪ್ಪ ಗಾಬರಿಯಾಗಲಿಲ್ಲ. "ನರ್ಸಿಂಗ್ ಹೋಂ ತಾನೆ? ಒಳ್ಳೇದಾಯ್ತು, ಎಷ್ಟು ದಿನಕ್ಕೆ ಡಿಸ್ಚಾರ್ಜ್?" ಎಂದರು. ಊರಿನಲ್ಲಿ ಆ ಮಾತಿಗೆ ಹೆರಿಗೆಗೂ ಹರ್ನಿಯಾಕ್ಕೂ ಸೇರಿಸುವ ಸಣ್ಣ ಖಾಸಗಿ ಆಸ್ಪತ್ರೆ ಎಂದೇ ಅರ್ಥ. ಇಲ್ಲಿನದು ಬೇರೆ, ತಿಂಗಳುಗಟ್ಟಲೆ ಇರಬೇಕಾಗಬಹುದು ಎಂದು ವಿವರಿಸಿದೆವು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಂದ್ರೆ ವೃದ್ಧಾಶ್ರಮಕ್ಕೆ ಹಾಕಿಬಿಟ್ರಾ?" ಎಂದರು. ದೊಡ್ಡಪ್ಪ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಮ್ಮೊಳಗೇ ಇದ್ದ ಮಾತನ್ನು ಅವರು ಬಾಯಿಬಿಟ್ಟು ಹೇಳಿದರು, ಅಷ್ಟೆ.

ಅಂದು ರಾತ್ರಿ ನಿದ್ದೆ ಬಾರದೆ ವಾಲ್ಮೀಕಿ ರಾಮಾಯಣದ ಅನುವಾದ ತೆಗೆದು ಅಯೋಧ್ಯಾಕಾಂಡದಲ್ಲಿ ಈ ಪ್ರಸಂಗ ಹುಡುಕಿದೆವು. ಆಶ್ಚರ್ಯವಾಯಿತು. ಅಲ್ಲಿ ಕಾವಡಿಯೇ ಇಲ್ಲ! ಹುಡುಗನಿಗೆ ಶ್ರವಣನೆಂಬ ಹೆಸರೂ ಇಲ್ಲ. ರಾಮ ಕಾಡಿಗೆ ಹೋದ ಮೇಲೆ, ತನ್ನ ಕೊನೆಯ ರಾತ್ರಿ ದಶರಥ ಕೌಸಲ್ಯೆಗೆ ಹೇಳಿಕೊಳ್ಳುವ ಹಳೆಯ ಪಾಪದ ಕಥೆ ಅದು. ಕುರುಡರಾದ ಮುದಿ ತಂದೆತಾಯಿ ಆಶ್ರಮದಲ್ಲಿ ಕುಳಿತಿದ್ದಾರೆ. ಮಗ ಅವರನ್ನು ಅಲ್ಲಿಯೇ ಬಿಟ್ಟು ಕತ್ತಲಲ್ಲಿ ಸರಯೂ ನದಿಗೆ ನೀರಿಗೆ ಬಂದಿದ್ದಾನೆ. ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ತಿಳಿದು ರಾಜ ಬಾಣ ಬಿಡುತ್ತಾನೆ. ಬಾಣ ನಾಟಿದ ಹುಡುಗ ತನಗಾಗಿ ಅಳುವುದಿಲ್ಲ, ಬಾಯಾರಿ ಕಾಯುತ್ತಿರುವ ಆ ಇಬ್ಬರಿಗಾಗಿ ಅಳುತ್ತಾನೆ. ರಾಜ ಅದೇ ಕೊಡದಲ್ಲಿ ನೀರು ತುಂಬಿಕೊಂಡು, ಹುಡುಗ ತೋರಿಸಿದ ಕಾಲುದಾರಿ ಹಿಡಿದು ಹೋಗುತ್ತಾನೆ. ಹೆಜ್ಜೆಯ ಸದ್ದು ಕೇಳಿದ ತಂದೆ ಮಗನೇ ಬಂದನೆಂದುಕೊಂಡು, ಯಾಕೆ ತಡ, ಬೇಗ ನೀರು ಕೊಡು ಎನ್ನುತ್ತಾನೆ.

ಆ ಮಗನ ಸೇವೆಯ ಅಳತೆ ಹೆಗಲ ಮೇಲೆ ಎಷ್ಟು ಭಾರ ಹೊತ್ತ ಎಂಬುದಲ್ಲ, ಬಾಯಾರಿದವರಿಗೆ ನೀರು ತಲುಪಿತೇ ಎಂಬುದು. ನಮಗೆ ಹಾಗೆ ತೋರಿತು. ನಾವೂ ಕೊಡವನ್ನು ಬೇರೆಯವರ ಕೈಗೆ ಕೊಡಬೇಕಾಗಿ ಬಂದಿತ್ತು. ಕೊಟ್ಟ ಮೇಲೆ ನಮ್ಮ ಧರ್ಮ ಮುಗಿಯಿತೇ?

ಮೊದಲ ಸಲ ನಾವು ಹಾಗೆಯೇ ನಡೆದುಕೊಂಡೆವು ಎಂದು ಒಪ್ಪಿಕೊಳ್ಳಬೇಕು. ಮೆಡಿಕೇರ್ ವೆಬ್‌ಸೈಟಿನಲ್ಲಿ 2008ರಿಂದ ಪ್ರತಿ ನರ್ಸಿಂಗ್ ಹೋಂಗೂ ಒಂದರಿಂದ ಐದು ನಕ್ಷತ್ರ ಕೊಡುತ್ತಾರೆ. ನಾಲ್ಕು ನಕ್ಷತ್ರದ್ದು, ಮನೆಗೆ ಹತ್ತಿರದ್ದು ಆರಿಸಿದೆವು. ಹೊಳೆಯುವ ಲಾಬಿ, ಮೂಲೆಯಲ್ಲಿ ಪಿಯಾನೋ, ಬಾಗಿಲಲ್ಲಿ ಹೂವು. ನೋಡಿ ನೆಮ್ಮದಿಯಾಯಿತು. ಐದನೆಯ ದಿನ, ಭಾನುವಾರ ಸಂಜೆ ಹೇಳದೆ ಹೋದಾಗ ಅಮ್ಮನ ತುಟಿ ಒಣಗಿ ಬಿರಿದಿತ್ತು. ನೀರಿನ ಜಗ್ ತುಂಬಿಯೇ ಇತ್ತು, ಆದರೆ ಅದು ಸ್ವಾಧೀನವಿಲ್ಲದ ಬಲಗೈ ಕಡೆ! ಕಾಲ್ ಬಟನ್ನೂ ಅದೇ ಕಡೆ ತೂಗುತ್ತಿತ್ತು. ಕೂಗಿ ಕೇಳಲು ಅಮ್ಮನಿಗೆ ಇಂಗ್ಲಿಷ್ ಇಲ್ಲ, ಇದ್ದ ಕನ್ನಡವೂ ತೊದಲುತ್ತಿತ್ತು. ನಾವೇ ಬಟನ್ ಒತ್ತಿ ಗಡಿಯಾರ ನೋಡುತ್ತಾ ಕುಳಿತೆವು. ಇಪ್ಪತ್ತೈದು ನಿಮಿಷವಾದ ಮೇಲೆ ಒಬ್ಬ ಹುಡುಗಿ ಓಡಿಬಂದಳು. ಆ ಸಾಲಿನ ಕೋಣೆಗಳಿಗೆಲ್ಲ ಅಂದು ಅವಳೊಬ್ಬಳೇ. ಅವಳ ಮೇಲೆ ಸಿಟ್ಟು ಮಾಡಲು ಮನಸ್ಸಾಗಲಿಲ್ಲ.

ನಕ್ಷತ್ರಗಳ ಒಳಗೆ ಏನಿದೆ ಎಂದು ನೋಡಿದ್ದು ಆಮೇಲೆ. ಅದು ಮೂರು ಭಾಗಗಳಿಂದ ಬರುತ್ತದೆ. ಒಂದು, ರಾಜ್ಯದ ಅಧಿಕಾರಿಗಳು ಮುನ್ಸೂಚನೆಯಿಲ್ಲದೆ ಬಂದು ಮಾಡುವ ತಪಾಸಣೆ. ಎರಡು ತಪಾಸಣೆಗಳ ನಡುವೆ ಹದಿನೈದು ತಿಂಗಳಿಗಿಂತ ಹೆಚ್ಚು ಅಂತರ ಇರಬಾರದೆಂಬುದು ನಿಯಮ. ಎರಡು, ಸಿಬ್ಬಂದಿಯ ಲೆಕ್ಕ, ಇದು ಸಂಬಳದ ದಾಖಲೆಯಿಂದ ಬರುತ್ತದೆ. ಮೂರನೆಯದು ಗುಣಮಟ್ಟದ ಅಂಕ, ಇದರಲ್ಲಿ ಸಾಕಷ್ಟು ಭಾಗ ನರ್ಸಿಂಗ್ ಹೋಂನವರೇ ಬರೆದು ಕಳಿಸುವ ಮಾಹಿತಿ. ತಾನು ಬರೆದ ಕೋಡನ್ನು ತಾನೇ ಟೆಸ್ಟ್ ಮಾಡಿ ಪಾಸಾಯಿತು ಎಂದ ಹಾಗೆ. ಸಾಫ್ಟ್‌ವೇರಿನಲ್ಲಿರುವ ನಮಗೆ ಇದು ಹೊಳೆಯಬೇಕಿತ್ತು. ನಾವು ಆರಿಸಿದ ಜಾಗಕ್ಕೆ ಮೂರನೆಯದರಲ್ಲಿ ಐದು, ಸಿಬ್ಬಂದಿಯಲ್ಲಿ ಎರಡೇ. ಶನಿವಾರ ಭಾನುವಾರ ಎಷ್ಟು ಜನ ಕೆಲಸದಲ್ಲಿರುತ್ತಾರೆ, ವರ್ಷದಲ್ಲಿ ಎಷ್ಟು ಜನ ಬಿಟ್ಟುಹೋಗುತ್ತಾರೆ ಎಂಬುದನ್ನೂ 2022ರಿಂದ ಅಲ್ಲಿಯೇ ಹಾಕುತ್ತಿದ್ದಾರೆ. ಒಟ್ಟು ನಕ್ಷತ್ರಕ್ಕಿಂತ ಇವೆರಡನ್ನು ಮೊದಲು ನೋಡಿ ಎಂಬುದು ನಮ್ಮ ಸಲಹೆ. ಹಿಂದಿನ ತಪಾಸಣೆಯ ವರದಿಯನ್ನು ಯಾರು ಬಂದರೂ ಓದುವಂತೆ ಕಟ್ಟಡದಲ್ಲಿ ಇಟ್ಟಿರಬೇಕು. ಕೇಳಿದಾಗ ಅದನ್ನು ಹೇಗೆ ತೆಗೆದುಕೊಡುತ್ತಾರೆ ಎಂಬುದರಲ್ಲೂ ಒಂದಷ್ಟು ತಿಳಿಯುತ್ತದೆ.

ಇಷ್ಟಾದರೂ ಕಾಗದ ಕಾಗದವೇ. ಎರಡನೆಯ ಜಾಗ ಹುಡುಕುವಾಗ ನಾವು ದೇವರ ಪೂಜೆಯನ್ನು ನೆನಪಿಟ್ಟುಕೊಂಡು ಹೋದೆವು. ಷೋಡಶೋಪಚಾರದಲ್ಲಿ ನಾವು ದೇವರಿಗೆ ಮಾಡುವುದಾದರೂ ಏನು? ಕೂರಿಸುತ್ತೇವೆ, ಕಾಲು ತೊಳೆಯುತ್ತೇವೆ, ಕುಡಿಯಲು ನೀರು ಕೊಡುತ್ತೇವೆ, ಸ್ನಾನ ಮಾಡಿಸಿ ಬಟ್ಟೆ ಉಡಿಸಿ ಊಟ ಬಡಿಸುತ್ತೇವೆ. ಸ್ವಂತ ಶಕ್ತಿಯಿಂದ ಏನೂ ಮಾಡಿಕೊಳ್ಳಲಾಗದ ಹಿರಿಯರಿಗೆ ಬೇಕಾದದ್ದೂ ಅದೇ. ಆ ಕಣ್ಣಿನಿಂದ ನೋಡಿದರೆ ಲಾಬಿಯ ಪಿಯಾನೋ ಲೆಕ್ಕಕ್ಕೆ ಬರುವುದಿಲ್ಲ. ಕಾರಿಡಾರಿನಲ್ಲಿ ಗಾಲಿಕುರ್ಚಿಯಲ್ಲಿ ಕುಳಿತವರು ನೆಟ್ಟಗೆ ಕುಳಿತಿದ್ದಾರೆಯೇ, ಒಂದು ಕಡೆ ಜರುಗಿ ಹಾಗೇ ಬಿದ್ದಿದ್ದಾರೆಯೇ ಎಂದು ನೋಡಿದೆವು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಇಡುತ್ತಾರೆಯೇ ಎಂದು ಕೇಳಿದೆವು. ಹಾಸಿಗೆ ಹುಣ್ಣು ಹಿಮ್ಮಡಿಯಲ್ಲೂ ಸೊಂಟದ ಕೆಳಗೂ ಸದ್ದಿಲ್ಲದೆ ಶುರುವಾಗುತ್ತದಂತೆ. ಊಟದ ಹೊತ್ತಿಗೇ ಹೋಗಿ ನಿಂತೆವು. ತುತ್ತು ಕೊಡುವವರು ಕುಳಿತು ಕೊಡುತ್ತಾರೋ, ನಿಂತು ಗೋಡೆ ನೋಡುತ್ತಾ ತುರುಕುತ್ತಾರೋ, ಅದೊಂದರಿಂದಲೇ ಬಹಳ ತಿಳಿಯಿತು. ಎಲ್ಲಕ್ಕಿಂತ ಮೊದಲು ನೋಡಿದ್ದು, ನೀರಿನ ಲೋಟ ಯಾವ ಕೈಯ ಕಡೆ ಇದೆ ಎಂದು.

ದುಡ್ಡಿನ ವಿಷಯ ಚುಟುಕಾಗಿ ಹೇಳುತ್ತೇವೆ, ಬಹಳ ಮಂದಿ ಕೇಳಿದ್ದಾರೆ. ಅಮ್ಮ ಗ್ರೀನ್ ಕಾರ್ಡಿನಲ್ಲಿ ಐದು ವರ್ಷ ಕಳೆದು ಪ್ರೀಮಿಯಂ ಕಟ್ಟಿ ಮೆಡಿಕೇರ್ ಪಡೆದಿದ್ದರು. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಮೂರು ದಿನ ಇದ್ದಿದ್ದರೆ ಮೆಡಿಕೇರ್ 100 ದಿನದವರೆಗೆ ಕೊಡುತ್ತದೆ, ಅದೂ ನರ್ಸಿಂಗ್ ಇಲ್ಲವೇ ಥೆರಪಿಯ ಅಗತ್ಯ ಇರುವವರೆಗೆ. ಪೂರ್ತಿ ಕೊಡುವುದು ಮೊದಲ 20 ದಿನ ಮಾತ್ರ. 'ಅಬ್ಸರ್ವೇಷನ್' ಎಂದು ಮಲಗಿಸಿದ ರಾತ್ರಿಗಳು ಆ ಮೂರರ ಲೆಕ್ಕಕ್ಕಿಲ್ಲ, ಅದನ್ನು ಅಲ್ಲಿಯೇ ಕೇಳಿಕೊಳ್ಳಿ. ದೂರಿದ್ದರೆ ಪ್ರತಿ ರಾಜ್ಯದಲ್ಲೂ ನರ್ಸಿಂಗ್ ಹೋಂ ನಿವಾಸಿಗಳ ಪರವಾಗಿ ನಿಲ್ಲುವ ಆಂಬುಡ್ಸ್‌ಮನ್ ಇದ್ದಾರೆ, ಖರ್ಚಿಲ್ಲ. ಇಲ್ಲಿ ಮಿಷಿಗನ್ನಿನಲ್ಲಿ ನಮಗೆ ಅವರೇ ದಾರಿ ತೋರಿಸಿದ್ದು.

ಎರಡನೆಯದು ಹಳೆಯ ಕಟ್ಟಡ, ಕಾರ್ಪೆಟ್ ಸವೆದಿದೆ, ಮನೆಗೆ ನಲವತ್ತು ನಿಮಿಷದ ದಾರಿ. ಸೇರಿದ ಮೂರನೆಯ ದಿನ ಸ್ಪೀಚ್ ಥೆರಪಿಸ್ಟ್ ಅಮ್ಮನ ಪಕ್ಕ ಕುಳಿತು ನೀರು ನುಂಗುವುದನ್ನು ನೋಡಿದರು. ಆಮೇಲೆ ನಮ್ಮನ್ನು ಕರೆದು ಕೇಳಿದರು, ಕುಡಿದಾಗ ಕೆಮ್ಮು ಬರುವುದು ಎಷ್ಟು ದಿನದಿಂದ? ಮೊದಲ ಜಾಗದಲ್ಲೂ ಬರುತ್ತಿತ್ತು. ಚಳಿಗೆ ಎಂದುಕೊಂಡಿದ್ದೆವು. ಸ್ಟ್ರೋಕ್ ಆದವರಲ್ಲಿ ತೆಳ್ಳಗಿನ ನೀರು ಅನ್ನನಾಳದ ಬದಲು ಶ್ವಾಸಕೋಶಕ್ಕೆ ಇಳಿಯಬಹುದು, ಅದರಿಂದ ನ್ಯುಮೋನಿಯಾ ಆಗಬಹುದು ಎಂದರು. ಪರೀಕ್ಷೆ ಮಾಡಿಸಿ, ಇನ್ನು ಮುಂದೆ ಏನು ಕುಡಿದರೂ ಪುಡಿ ಬೆರೆಸಿ ಗಟ್ಟಿ ಮಾಡಿಯೇ ಕೊಡಬೇಕು ಎಂದು ಬರೆದರು. ಜಗ್ಗನ್ನು ಎಡಗಡೆಗೆ ಸರಿಸಿ, ದಿನವೂ ಹೋಗಿ ಲೋಟಗಟ್ಟಲೆ ಕುಡಿಸಿ, ನಾವು ದೊಡ್ಡ ಸೇವೆ ಮಾಡಿದೆವೆಂದು ಬೀಗಿದ್ದೆವಲ್ಲ! ಅಂದಿನಿಂದ ತಪ್ಪು ಹುಡುಕುವ ನಮ್ಮ ನಾಲಗೆ ಸ್ವಲ್ಪ ಮೆತ್ತಗಾಗಿದೆ.

ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ. ನೀರು, ನೋವು, ಸಾಕು, ಚಳಿ, ಹೀಗೆ ಹತ್ತು ಕನ್ನಡ ಪದ ಇಂಗ್ಲಿಷ್ ಅಕ್ಷರದಲ್ಲಿ. ಅಮ್ಮನನ್ನು ಹಗಲು ನೋಡಿಕೊಳ್ಳುವವರು ಘಾನಾ ದೇಶದ ಹೆಣ್ಣುಮಗಳು. ಒಂದು ವಾರದಲ್ಲಿ ಅಷ್ಟೂ ಕಲಿತುಬಿಟ್ಟರು.

ರಾಮನವಮಿಯ ದಿನ ದೇವಸ್ಥಾನದಲ್ಲಿ ನೈವೇದ್ಯವಾದ ಪಾನಕವನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಹೋದೆವು. ಪ್ರಸಾದವಲ್ಲವೇ, ಒಂದು ಗುಟುಕು ತಾನೆ ಎಂದು ಲೋಟಕ್ಕೆ ಬಗ್ಗಿಸುತ್ತಿದ್ದಾಗ ಆಕೆ ಬಂದು ಲೋಟದ ಮೇಲೆ ಕೈ ಅಡ್ಡ ಇಟ್ಟರು. ಪ್ರಸಾದ ಎಂದೆವು. ಇರಬಹುದು, ಆದರೂ ಹೀಗೆ ಕೊಡುವ ಹಾಗಿಲ್ಲ, ಎಂದು ನಗುತ್ತಲೇ ಲೋಟ ತೆಗೆದುಕೊಂಡು ನರ್ಸ್ ಹತ್ತಿರ ಹೋದರು. ಏನೇನು ಹಾಕಿದ್ದೀರಿ ಎಂದು ನರ್ಸ್ ಕೇಳಿದರು. ಬೆಲ್ಲ, ನಿಂಬೆ, ಏಲಕ್ಕಿ, ಮೆಣಸು ಎಂದೆವು. ಮೆಣಸಿನ ಚೂರು ಗಂಟಲಿಗೆ ಸಿಕ್ಕೀತೆಂದು ಶೋಧಿಸಿದರು, ಪುಡಿ ಬೆರೆಸಿ ಕಲಸಿದರು, ಗಟ್ಟಿಯಾಗುವವರೆಗೆ ಕಾದರು. ಆಕೆ ಹಾಸಿಗೆಯ ತಲೆಭಾಗ ಎತ್ತರಿಸಿ, ಅಮ್ಮನ ಎಡಕ್ಕೆ ಕುರ್ಚಿ ಎಳೆದುಕೊಂಡು ಕುಳಿತು, "ನೀರು, ಅಮ್ಮಾ" ಎಂದು ಚಮಚದಲ್ಲಿ ಕೊಟ್ಟರು.

ಅಮ್ಮ ಕಣ್ಣು ಮುಚ್ಚಿ ನಿಧಾನವಾಗಿ ನುಂಗಿದರು. ಕೆಮ್ಮು ಬರಲಿಲ್ಲ. ಬಹಳ ಹೊತ್ತಾದ ಮೇಲೆ ನಮ್ಮ ಕಡೆ ತಿರುಗಿ, ತೊದಲುತ್ತಾ, "ಬೆಲ್ಲ ಸಾಲದು" ಎಂದರು.