ಮೊದಲ ಆರತಿ ಯಾರಿಗೆ?

ಆಶ್ವಯುಜ ಶುದ್ಧ ಪಾಡ್ಯದಿಂದ ಮೊದಲ್ಗೊಂಡು ಒಂಬತ್ತು ದಿನಗಳ ಕಾಲ ಜಗನ್ಮಾತೆಯನ್ನು ನಾನಾ ರೂಪಗಳಲ್ಲಿ ಆರಾಧಿಸುವುದು ಹಿರಿಯರು ಹಾಕಿಕೊಟ್ಟ ಪದ್ಧತಿ. ಈ ದಿನಗಳಲ್ಲಿಯೇ ಮೂಲಾ ನಕ್ಷತ್ರದಂದು ಸರಸ್ವತಿಯ ಆವಾಹನೆ, ಪೂರ್ವಾಷಾಢದಂದು ಪೂಜೆ, ಶ್ರವಣದಂದು ವಿಸರ್ಜನೆ. ಅಷ್ಟು ದಿನವೂ ಮನೆಯ ಪುಸ್ತಕಗಳು ಮಣೆಯ ಮೇಲೆ ಹೂವು ಅಕ್ಷತೆಗಳ ನಡುವೆ ವಿಶ್ರಮಿಸುತ್ತವೆ. ಓದುವಂತಿಲ್ಲ, ಬರೆಯುವಂತಿಲ್ಲ. ಮಕ್ಕಳಿಗೆ ಇದಕ್ಕಿಂತ ಪ್ರಿಯವಾದ ವ್ರತ ಮತ್ತೊಂದಿಲ್ಲ! ಆದರೆ ಆ ವ್ರತ ಪೂರ್ಣವಾಗುವುದು ಪುಸ್ತಕವನ್ನು ಮಣೆಯ ಮೇಲಿರಿಸಿದಾಗ ಅಲ್ಲ. ವಿಜಯದಶಮಿಯಂದು ಅದನ್ನು ಮತ್ತೆ ಕೈಗೆತ್ತಿಕೊಂಡು, ಕಣ್ಣಿಗೊತ್ತಿಕೊಂಡು, ನಾಲ್ಕು ಸಾಲುಗಳನ್ನಾದರೂ ಓದಿದಾಗ.

ಹೈದರಾಬಾದಿನಲ್ಲಿ ನೆಲೆಸಿದವರಿಗೆ ಗೋದಾವರಿಯ ತೀರದ ಬಾಸರ ಕ್ಷೇತ್ರ ಅಪರಿಚಿತವಲ್ಲ. ಜ್ಞಾನಸರಸ್ವತಿಯ ಆ ಸನ್ನಿಧಿಗೆ ಎಳೆಯ ಮಕ್ಕಳನ್ನು ಕರೆದೊಯ್ದು ಅಕ್ಷರಾಭ್ಯಾಸ ಮಾಡಿಸುವ ತೆಲುಗರಂತೆಯೇ ಕನ್ನಡಿಗರೂ ಅನೇಕರಿದ್ದಾರೆ. ಅರ್ಚಕರು ಮಗುವಿನ ಕೈ ಹಿಡಿದು ಮೊದಲ ಅಕ್ಷರ ತಿದ್ದಿಸುತ್ತಾರೆ. ಅದು ಪುಣ್ಯದ ಗಳಿಗೆ, ಸಂದೇಹವಿಲ್ಲ. ಆದರೆ ಎರಡನೆಯ ಅಕ್ಷರವನ್ನು ತಿದ್ದಿಸುವವರು ಯಾರು? ಮೂರನೆಯದನ್ನು? ಮಗು ಹಟ ಹಿಡಿದು ಬಳಪ ಎಸೆದಾಗ ಅದನ್ನು ಎತ್ತಿ ಮತ್ತೆ ಬೆರಳುಗಳ ನಡುವೆ ಇಟ್ಟವರು ಯಾರು? ಆ ಮಾತನ್ನು ಸ್ಮರಿಸುವುದಕ್ಕೆ ನವರಾತ್ರಿಗಿಂತ ಉಚಿತವಾದ ಕಾಲವಿಲ್ಲ.

ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ವಿದ್ಯೆ ಮುಗಿಸಿ ಹೊರಟ ಶಿಷ್ಯನಿಗೆ ಗುರುವು ಕೆಲವು ಮಾತುಗಳನ್ನು ಹೇಳಿ ಕಳುಹಿಸುತ್ತಾನೆ. ತಾಯಿಯನ್ನು ದೇವರೆಂದು ಕಾಣು ಎಂಬುದು ಮೊದಲು; ತಂದೆ, ಆಚಾರ್ಯ, ಅತಿಥಿ ಇವರು ಅನಂತರ. ಅದೇ ಉಪದೇಶದಲ್ಲಿ ಮತ್ತೊಂದು ಎಚ್ಚರಿಕೆಯೂ ಇದೆ: ತಾನು ಓದುವುದನ್ನೂ ಬಿಡಬಾರದು, ಇತರರಿಗೆ ಹೇಳಿಕೊಡುವುದನ್ನೂ ಬಿಡಬಾರದು. ತಾಯ್ತನವೂ ಆಚಾರ್ಯತ್ವವೂ ಒಬ್ಬರಲ್ಲಿಯೇ ಕೂಡಿಕೊಂಡರೆ ಅಂಥವರನ್ನು ಏನೆಂದು ಕರೆಯಬೇಕು? ನಮ್ಮ ಮನೆಗಳಲ್ಲಿ ಅವರನ್ನು ಅಜ್ಜಿ ಎಂದು ಕರೆಯುತ್ತಾರೆ.

ಅಂಥ ಒಬ್ಬ ಮಾತೆಯ ಬಾಳನ್ನು ಇಲ್ಲಿ ನೆನೆಯುವುದು ಯೋಗ್ಯ. ಕಪಿಲಾ ನದಿಯ ದಡದ ನಂಜನಗೂಡು ಶ್ರೀಕಂಠೇಶ್ವರನ ಕ್ಷೇತ್ರ. ಅಲ್ಲಿ 1887ರಲ್ಲಿ ತಿರುಮಲಾಂಬ ಜನಿಸಿದರು. ಹತ್ತನೆಯ ವಯಸ್ಸಿನಲ್ಲಿ ಮದುವೆ. ಹದಿನಾಲ್ಕನೆಯ ವಯಸ್ಸಿಗೆ ವೈಧವ್ಯ. ಅಂದಿನ ರೂಢಿ ಅಂಥ ಬಾಲಿಕೆಗೆ ಒಂದು ಮೂಲೆಯನ್ನು ತೋರಿಸುತ್ತಿತ್ತು. ಶುಭಕಾರ್ಯಗಳಲ್ಲಿ ಎದುರಿಗೆ ಬರಬಾರದು, ಬೊಂಬೆಯ ಆರತಿಗೆ ನಿಲ್ಲಬಾರದು, ಅರಸಿನ ಕುಂಕುಮಕ್ಕೆ ಕೈ ಚಾಚಬಾರದು. ಓದುಬರಹ ಕಲಿತ ಹೆಣ್ಣಿಗೆ ಕೇಡು ತಪ್ಪದೆಂದು ನಂಬಿದವರೂ ಆ ಕಾಲದಲ್ಲಿ ಕಡಮೆಯಿರಲಿಲ್ಲ.

ಆದರೆ ಆ ಬಾಲಿಕೆಯ ತಂದೆ ವೆಂಕಟಕೃಷ್ಣ ಅಯ್ಯಂಗಾರರು ಮಗಳಿಗೆ ಮೂಲೆಯನ್ನು ತೋರಿಸಲಿಲ್ಲ, ಪುಸ್ತಕವನ್ನು ತೋರಿಸಿದರು. ಮನೆಯಲ್ಲಿಯೇ ವಿದ್ಯಾಭ್ಯಾಸ ನಡೆಯಿತು. ಕನ್ನಡದ ಜೊತೆಗೆ ತಮಿಳು, ತೆಲುಗುಗಳೂ ಬಂದವು. ಪುರಾಣಶ್ರವಣದಿಂದ ಹುಟ್ಟಿದ ಭಕ್ತಿ ಮೊದಮೊದಲು ಹಾಡಾಗಿ ಹೊಮ್ಮಿತು. ಮುಂದೆ ಆ ಭಕ್ತಿ ಕಾರ್ಯರೂಪ ತಾಳಿತು. ತಿರುಮಲಾಂಬನವರು ನೆರೆಹೊರೆಯ ಹೆಣ್ಣುಮಕ್ಕಳನ್ನು ಮನೆಗೆ ಕರೆದು ಪಾಠ ಹೇಳತೊಡಗಿದರು. ಆ ಮನೆಯ ಪಾಠಶಾಲೆಗೆ ಮಾತೃಮಂದಿರವೆಂದು ಹೆಸರಾಯಿತು. ಹೆತ್ತ ಮಕ್ಕಳಿಲ್ಲದ ಆಕೆಯ ಶಾಲೆಗೆ ತಾಯಿಯ ಹೆಸರು! ಇದು ಸಾಮಾನ್ಯ ಸಂಗತಿಯಲ್ಲ. ಒಡಲಿನಿಂದ ಬಂದ ತಾಯ್ತನಕ್ಕೆ ಮಿತಿಯುಂಟು. ಅಕ್ಷರದಿಂದ ಬಂದ ತಾಯ್ತನಕ್ಕೆ ಮಿತಿಯೆಲ್ಲಿ?

1913ರಲ್ಲಿ ಆಕೆ ಸತೀಹಿತೈಷಿಣೀ ಗ್ರಂಥಮಾಲೆಯನ್ನು ಆರಂಭಿಸಿದರು. ಅದರ ಮೂಲಕ ತಮ್ಮ ಕಾದಂಬರಿ ‘ಸುಶೀಲೆ’ಯನ್ನೂ ಇತರ ಕೃತಿಗಳನ್ನೂ ಹೊರತಂದರು. 1917ರಲ್ಲಿ ‘ಕರ್ಣಾಟಕ ನಂದಿನಿ’ ಎಂಬ ಪತ್ರಿಕೆಯನ್ನು ಪ್ರಾರಂಭಿಸಿದರು. ಲೇಖಕಿ, ಪ್ರಕಾಶಕಿ, ಪತ್ರಿಕಾ ಸಂಪಾದಕಿ ಈ ಮೂರೂ ಆಗಿ ಕನ್ನಡ ಮಹಿಳೆಯರಲ್ಲಿ ಮೊದಲಿಗರೆಂಬ ಗೌರವ ಅವರದು. ಗಂಡಸರೇ ಪುಸ್ತಕ ಅಚ್ಚು ಹಾಕಿಸಲು ಹಿಂದುಮುಂದು ನೋಡುತ್ತಿದ್ದ ದಿನಗಳಲ್ಲಿ, ಬಾಗಿಲ ಹೊರಗೆ ನಿಲ್ಲುವುದಕ್ಕೂ ಅಂಜಬೇಕಾಗಿದ್ದ ಒಬ್ಬ ವಿಧವೆ ಹೆಂಗಸರ ಕೈಗೆ ಹೆಂಗಸರೇ ಬರೆದ ಪುಸ್ತಕವನ್ನು ಇಟ್ಟರು. ಊರಿನ ಬೊಂಬೆಯಾರತಿಗೆ ಸಲ್ಲದವಳೆಂದು ರೂಢಿ ಯಾರನ್ನು ಹಿಂದೆ ನಿಲ್ಲಿಸಿತ್ತೋ, ಸರಸ್ವತಿಯ ಆರತಿಯನ್ನು ವರ್ಷವಿಡೀ ಬೆಳಗಿದವರು ಅವರೇ. ದೇವಿ ಯಾರ ಪೂಜೆಯನ್ನು ಸ್ವೀಕರಿಸಿದ್ದಾಳೆಂದು ಹೇಳಲು ಪಂಚಾಂಗ ಬೇಕಿಲ್ಲ.

ಅವರ ಬಾಳಿನ ಕೊನೆಯ ಭಾಗ ಹೊರನಾಡ ಕನ್ನಡಿಗರಿಗೆ ವಿಶೇಷವಾಗಿ ತಟ್ಟಬೇಕಾದುದು. ತಿರುಮಲಾಂಬ ತಮ್ಮ ವಾರ್ಧಕ್ಯವನ್ನು ಕಳೆದದ್ದು ಕಪಿಲೆಯ ದಡದಲ್ಲಲ್ಲ, ಮದರಾಸು ಮಹಾನಗರದಲ್ಲಿ. ಬರೆಯುವುದನ್ನು ನಿಲ್ಲಿಸಿ, ಕೀರ್ತಿಯಿಂದ ದೂರವಾಗಿ ದಶಕಗಳ ಕಾಲ ಮೌನವಾಗಿ ಬಾಳಿದರು. ಹೊಸ ತಲೆಮಾರಿನ ಓದುಗರಲ್ಲಿ ಅನೇಕರಿಗೆ ಅವರು ಬದುಕಿದ್ದಾರೆಂಬುದೇ ತಿಳಿದಿರಲಿಲ್ಲ. 1982ರಲ್ಲಿ ಅಲ್ಲಿಯೇ ಅವರ ದೇಹಾಂತವಾಯಿತು. ತೊಂಬತ್ತೈದು ವರ್ಷಗಳ ತುಂಬು ಬಾಳು. ಮಹಾನಗರದ ಯಾವುದೋ ಬೀದಿಯಲ್ಲಿ, ಯಾವುದೋ ಮನೆಯ ಒಳಕೋಣೆಯಲ್ಲಿ, ಒಂದು ನಾಡಿಗೆ ಅಕ್ಷರ ಹಂಚಿದ ಜೀವ ಸದ್ದಿಲ್ಲದೆ ಕುಳಿತಿರಬಹುದು, ಪಕ್ಕದವರಿಗೆ ಗೊತ್ತಿರುವುದಿಲ್ಲ. ಈ ಮಾತು ಮದರಾಸಿಗೆ ಮಾತ್ರ ಅನ್ವಯಿಸುವುದೆಂದು ಯಾರೂ ಸಮಾಧಾನ ತಂದುಕೊಳ್ಳಬಾರದು.

ಇಲ್ಲಿ ಒಂದು ಶಂಕೆ ಏಳಬಹುದು. ತಿರುಮಲಾಂಬನವರಿಗೆ ಓದಿಸುವ ತಂದೆಯಿದ್ದರು. ಶಾಲೆಯ ಮೆಟ್ಟಿಲನ್ನೇ ಕಾಣದ ಅಜ್ಜಿಯರ ಗತಿಯೇನು? ಅವರಿಗೆ ಈ ಪೂಜೆಯಲ್ಲಿ ಪಾಲಿಲ್ಲವೆ? ಇದಕ್ಕೆ ಉತ್ತರವಾಗಿ ಸುಧಾ ಮೂರ್ತಿಯವರು ತಮ್ಮ ಬಾಲ್ಯವನ್ನು ಕುರಿತು ಬರೆದ ಒಂದು ಪ್ರಸಂಗವಿದೆ. ಉತ್ತರ ಕರ್ನಾಟಕದ ಒಂದು ಹಳ್ಳಿ. ತ್ರಿವೇಣಿಯವರ ‘ಕಾಶೀಯಾತ್ರೆ’ ಆಗ ‘ಕರ್ಮವೀರ’ದಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ಕಾಶಿಗೆ ಹೋಗಬೇಕೆಂದು ಬಾಳೆಲ್ಲ ಹಂಬಲಿಸಿದ ಮುದುಕಿಯೊಬ್ಬಳು, ಕೂಡಿಟ್ಟ ಹಣವನ್ನು ಅನಾಥ ಹುಡುಗಿಯ ಮದುವೆಗೆ ಕೊಟ್ಟುಬಿಡುವ ಕಥೆ ಅದು. ಓದುಬಾರದ ಅಜ್ಜಿಗೆ ಹನ್ನೆರಡು ವರ್ಷದ ಮೊಮ್ಮಗಳು ವಾರವಾರವೂ ಓದಿ ಹೇಳಬೇಕು. ಒಮ್ಮೆ ಹುಡುಗಿ ಮದುವೆಗೆಂದು ಪಕ್ಕದ ಊರಿಗೆ ಹೋದಳು. ಪತ್ರಿಕೆ ಬಂದಿತು, ಓದುವವರಿಲ್ಲ. ಅಜ್ಜಿ ಆ ಹಾಳೆಯ ಮೇಲೆ ಕೈಯಾಡಿಸಿ ನೋಡಿದರು. ತನ್ನ ಭಾಷೆಯೇ, ತನ್ನ ಮನಸ್ಸಿನ ಕಥೆಯೇ. ಆದರೂ ಒಂದು ಅಕ್ಷರವೂ ಮಾತನಾಡಲಿಲ್ಲ.

ಮೊಮ್ಮಗಳು ಹಿಂದಿರುಗಿದಾಗ ಅಜ್ಜಿಯ ಕಣ್ಣಲ್ಲಿ ನೀರಿತ್ತು. ಅರವತ್ತೆರಡನೆಯ ವಯಸ್ಸಿನಲ್ಲಿ ಆಕೆ ಕನ್ನಡ ಕಲಿಯುವ ಸಂಕಲ್ಪ ಮಾಡಿದರು; ದಸರೆಯ ಸರಸ್ವತಿ ಪೂಜೆಯ ದಿನವನ್ನು ಗಡುವಾಗಿ ಇಟ್ಟುಕೊಂಡರು. ಓದಿದರು, ತಿದ್ದಿದರು, ಬರೆದರು. ಪೂಜೆಯ ದಿನ ಬಂದಿತು. ಅಜ್ಜಿ ಮೊಮ್ಮಗಳನ್ನು ಪೀಠದ ಮೇಲೆ ಕುಳ್ಳಿರಿಸಿ, ಬಾಗಿ, ಆಕೆಯ ಪಾದಗಳನ್ನು ಮುಟ್ಟಿ ನಮಸ್ಕರಿಸಿದರು! ಹಿರಿಯರು ಕಿರಿಯರ ಕಾಲು ಮುಟ್ಟುವುದು ನಮ್ಮಲ್ಲಿ ಇಲ್ಲವೇ ಇಲ್ಲ. ಹುಡುಗಿ ಬೆಚ್ಚಿದಳು. ಅಜ್ಜಿ ನಮಸ್ಕರಿಸಿದ್ದು ಮೊಮ್ಮಗಳಿಗೆ ಅಲ್ಲ, ಗುರುವಿಗೆ. ಗುರುವಿಗೆ ವಯಸ್ಸಿಲ್ಲ, ಗಂಡು ಹೆಣ್ಣೆಂಬ ಭೇದವಿಲ್ಲ ಎಂಬುದು ಆಕೆಯ ತಿಳಿವಳಿಕೆ. ಮೊಮ್ಮಗಳು ಕೊಟ್ಟ ‘ಕಾಶೀಯಾತ್ರೆ’ ಪುಸ್ತಕದ ಹೆಸರನ್ನೂ ಲೇಖಕಿಯ ಹೆಸರನ್ನೂ ಆ ಅಜ್ಜಿ ತಾವಾಗಿಯೇ ಓದಿದರು.

ವೇದಾಂತಿಗಳು ಗುರುತತ್ತ್ವವೆಂದು ವಿವರಿಸುವುದು ಇದನ್ನೇ. ಗುರು ಎಂಬುದು ದೇಹವಲ್ಲ, ಅದೊಂದು ಸ್ಥಾನ. ಎಂಟು ವರ್ಷದ ಕೂಸು ಆ ಸ್ಥಾನದಲ್ಲಿ ನಿಂತರೆ ಎಂಬತ್ತರ ತಲೆ ಬಾಗಬೇಕು. ವಿಧವೆ ನಿಂತರೆ ಸುಮಂಗಲಿಯರು ಬಾಗಬೇಕು. ಇದನ್ನು ಬಾಯಲ್ಲಿ ಒಪ್ಪುವುದು ಸುಲಭ. ಆಚರಣೆಗೆ ಬಂದಾಗಲೇ ಪರೀಕ್ಷೆ.

ಈ ನಗರದ ಕನ್ನಡಿಗರ ಚರಿತ್ರೆಯನ್ನು ಒಮ್ಮೆ ನೋಡಬೇಕು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆ ಉರ್ದು. ನಿಜಾಮರ ಸಂಸ್ಥಾನದ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಲ್ಲಿ ಕನ್ನಡ ಮನೆಮಾತಾಗಿದ್ದರೂ ಅಧಿಕಾರದ ಮಾತಾಗಿರಲಿಲ್ಲ. ಅಂಥ ದಿನಗಳಲ್ಲಿ, 1934ರಲ್ಲಿ, ಗುಲ್ಬರ್ಗಾದ ಶರಣಬಸವೇಶ್ವರ ಸಂಸ್ಥಾನದ ಪೂಜ್ಯ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳಿಗಾಗಿ ಮಹಾದೇವಿ ಕನ್ಯಾ ಪಾಠಶಾಲೆಯನ್ನು ತೆರೆದರು. ದಾಸೋಹದ ಪೀಠ ಅನ್ನದ ಜೊತೆಗೆ ಅಕ್ಷರವನ್ನೂ ಬಡಿಸಿತು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಮೈಸೂರು ರಾಜ್ಯವನ್ನು ಸೇರಿದವು. ಆದರೆ ರಾಜಧಾನಿಯಲ್ಲಿ ಬೇರೂರಿದ್ದ ಕನ್ನಡ ಕುಟುಂಬಗಳು ಇಲ್ಲಿಯೇ ಉಳಿದವು. ಕಾಚಿಗುಡದ ನೃಪತುಂಗ ಶಾಲೆಯಂಥ ಸಂಸ್ಥೆಗಳು ಅವರ ಮಕ್ಕಳಿಗೆ ನೆರಳಾದವು. ಇಂಥ ಶಾಲೆಗಳಲ್ಲಿ ಮನೆಗೆಲಸ ಮುಗಿಸಿ, ಬಸ್ಸು ಹಿಡಿದು ಬಂದು, ಇಡೀ ದಿನ ನಿಂತು ಕಲಿಸಿ, ಸಂಜೆ ಮನೆಯಲ್ಲಿ ಮತ್ತೆ ಒಲೆಯ ಮುಂದೆ ನಿಂತ ಅಧ್ಯಾಪಿಕೆಯರ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ. ಅವರು ಈಗ ಅಜ್ಜಿಯರು.

ದಸರೆಯ ಕುಂಕುಮಾರ್ಚನೆಯ ಹೊತ್ತಿನಲ್ಲಿ ಸಭಾಂಗಣದ ಹಿಂಭಾಗವನ್ನು ಗಮನಿಸಿದವರಿಗೆ ಒಂದು ದೃಶ್ಯ ಕಾಣದಿರದು. ಕೆಲವು ತಾಯಂದಿರು ತಾವಾಗಿಯೇ ಹಿಂದೆ ಸರಿದು ಗೋಡೆಗೊರಗಿ ಕುಳಿತಿರುತ್ತಾರೆ. ಅವರನ್ನು ಯಾರೂ ದೂಡಿಲ್ಲ. ಯಾರೂ ಕರೆದೂ ಇಲ್ಲ. ಮುಂದಿನ ಸಾಲಿನಲ್ಲಿ ರೇಷ್ಮೆಯುಟ್ಟು ಅರ್ಚನೆ ಮಾಡುತ್ತಿರುವವರಲ್ಲಿ ಎಷ್ಟೋ ಮಂದಿಗೆ ಅ, ಆ ತಿದ್ದಿಸಿದ ಕೈ ಅಲ್ಲಿ ಮಡಿಲಲ್ಲಿ ಸುಮ್ಮನೆ ಕುಳಿತಿರಬಹುದು. ಸರಸ್ವತಿ ಶ್ವೇತಾಂಬರಧಾರಿಣಿ, ಶ್ವೇತಪದ್ಮಾಸನೆ. ಕೈಯಲ್ಲಿ ಪುಸ್ತಕ, ಜಪಮಾಲೆ, ವೀಣೆ. ಬಣ್ಣದ ಸೀರೆಯನ್ನು ಕೈಬಿಟ್ಟವಳೆಂಬ ಕಾರಣಕ್ಕೆ ಆ ದೇವಿ ಒಬ್ಬ ಉಪಾಧ್ಯಾಯಿನಿಯನ್ನು ದೂರವಿಟ್ಟಾಳೆಯೆ? ದೂರವಿಟ್ಟದ್ದು ರೂಢಿ, ದೇವಿಯಲ್ಲ. ರೂಢಿಯನ್ನು ಮಾಡಿದವರು ಮನುಷ್ಯರು, ಬಿಡಬಲ್ಲವರೂ ಅವರೇ.

ಆದುದರಿಂದ ಈ ಬಾರಿಯ ಸರಸ್ವತಿ ಪೂಜೆಯಲ್ಲಿ ಮೊದಲ ಆರತಿಯ ತಟ್ಟೆಯನ್ನು ಅಂಥ ಒಬ್ಬ ಅಜ್ಜಿಯ ಕೈಗೆ ಕೊಡುವುದು ಶ್ರೇಯಸ್ಕರ. ಭಾಷಣ ಬೇಡ, ಶಾಲು ಹಾರವೂ ಬೇಡ. “ಅಮ್ಮಾ, ಮುಂದೆ ಬನ್ನಿ” ಎಂಬ ಒಂದು ಮಾತು ಸಾಕು. ಮೊದಲು ಒಪ್ಪದಿರಬಹುದು. ಅರವತ್ತು ವರ್ಷ ಹಿಂದೆ ಕುಳಿತವರಿಗೆ ಮುಂದೆ ಬರುವುದು ಸುಲಭವಲ್ಲ. ಎರಡನೆಯ ಸಲ ಕರೆಯಬೇಕು. ಕರೆಯಲು ಮನೆಯ ಹಿರಿಯ ಸೊಸೆಯೇ ಎದ್ದು ಹೋದರೆ ಇನ್ನೂ ಒಳ್ಳೆಯದು.

ಇದರೊಂದಿಗೆ ಇನ್ನೊಂದು ಕರ್ತವ್ಯವೂ ಇದೆ. ಇಲ್ಲಿ ಬೆಳೆದ ಅನೇಕ ಮೊಮ್ಮಕ್ಕಳು ಕನ್ನಡ ಮಾತನಾಡುತ್ತಾರೆ, ಆದರೆ ಓದಲಾರರು. ಅಜ್ಜಿಯ ಪೆಟ್ಟಿಗೆಯಲ್ಲಿರುವ ದಾಸರ ಪದಗಳ ಪುಸ್ತಕ, ವಚನಗಳ ಸಂಪುಟ, ತಾತ ಬರೆದ ಹಳೆಯ ಕಾಗದಗಳು ಆ ಮಕ್ಕಳ ಮುಂದೆ ಮೂಕವಾಗಿವೆ. ಅಂದು ಹಾಳೆಯ ಮೇಲೆ ಕೈಯಾಡಿಸಿ ಅತ್ತದ್ದು ಅಜ್ಜಿ. ಮುಂದೊಂದು ದಿನ ಹಾಗೆ ಅಳುವ ಸರದಿ ಮೊಮ್ಮಗಳದಾಗಬಾರದು. ಇದು ಕಷ್ಟದ ಕೆಲಸವೂ ಅಲ್ಲ. ಕನ್ನಡ, ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳು. ಕೆಲವು ಶತಮಾನಗಳ ಹಿಂದಿನವರೆಗೆ ಒಂದೇ ಆಗಿದ್ದವು. ಶಾಲೆಯಲ್ಲಿ ತೆಲುಗು ಕಲಿಯುವ ಮಗುವಿಗೆ ಗ, ದ, ನ, ರ, ಲ ಮುಂತಾದವು ಆಗಲೇ ಪರಿಚಿತ. ಕ, ತ, ಶ ಹೀಗೆ ಬೇರೆಯಾಗಿ ಕಾಣುವ ಕೆಲವನ್ನು ತಲಕಟ್ಟಿನ ಭೇದದೊಡನೆ ತೋರಿಸಿದರೆ ಬಹುಪಾಲು ಕೆಲಸ ಮುಗಿಯಿತು. ಮೂಸಿಯೂ ಕೃಷ್ಣೆಯನ್ನೇ ಸೇರುತ್ತದೆ, ತುಂಗಭದ್ರೆಯೂ ಕೃಷ್ಣೆಯನ್ನೇ ಸೇರುತ್ತದೆ. ಈ ನೆಲದ ನುಡಿಯನ್ನು ಗೌರವದಿಂದ ಕಲಿತ ಮಗುವಿಗೆ ತನ್ನ ಮನೆಯ ನುಡಿ ದೂರವಾಗಬೇಕಾಗಿಲ್ಲ.

ವಿಜಯದಶಮಿಯ ದಿನ ಪುಸ್ತಕಗಳನ್ನು ಮಣೆಯಿಂದ ಇಳಿಸುವಾಗ ಒಂದು ಪುಸ್ತಕವನ್ನು ಅಜ್ಜಿಯ ಮಡಿಲಲ್ಲಿ ಇಟ್ಟು, ಮಗುವನ್ನು ಪಕ್ಕದಲ್ಲಿ ಕುಳ್ಳಿರಿಸಿದರೆ ಸಾಕು. ದಿನಕ್ಕೆ ಒಂದು ಅಕ್ಷರ. ಮುಂದಿನ ದಸರೆಗೆ ಒಂದು ಪುಟ. ಕಣ್ಣು ಮಂಜಾದ ಅಜ್ಜಿಗೆ ಆ ಮಗುವೇ ಓದಿ ಹೇಳುವ ದಿನ ಬಂದೀತು. ಅಂದು ಯಾರು ಯಾರ ಪಾದಕ್ಕೆ ನಮಸ್ಕರಿಸಬೇಕೆಂಬ ಪ್ರಶ್ನೆಯೇ ಉಳಿಯುವುದಿಲ್ಲ. ನಾಶವಿಲ್ಲದ್ದು ಎಂಬುದೇ ಅಕ್ಷರ ಎಂಬ ಪದದ ಅರ್ಥ. ಹಚ್ಚಿದ ಕೈ ಬೂದಿಯಾದರೂ ದೀಪದಿಂದ ದೀಪಕ್ಕೆ ದಾಟಿದ ಬೆಳಕು ಆರುವುದಿಲ್ಲ.

ಆ ಬೆಳಕನ್ನು ಹಚ್ಚಿದ ಎಲ್ಲ ಕೈಗಳಿಗೂ ಶಾರದೆಯ ಅನುಗ್ರಹವಿರಲಿ. ಬನ್ನಿ ಪತ್ರೆಯನ್ನು ಹಿರಿಯರ ಕೈಗಿತ್ತು ಬಂಗಾರವಾಗಿ ಬಾಳೋಣ ಎನ್ನುವಾಗ ಗೋಡೆಗೊರಗಿ ಕುಳಿತವರನ್ನು ಯಾರೂ ಮರೆಯದಿರಲಿ. ಸರ್ವರಿಗೂ ಮಂಗಳವಾಗಲಿ.